ಹಿಂಡಿಯ ಲೆಕ್ಕ

ಚಳ್ಳಕೆರೆ, ಪಾವಗಡ ರಸ್ತೆ. ಬೆಳಗಿನ ಜಾವ ನಾಲ್ಕೂವರೆ.
ಬೀದರಿನ ಲಾರಿ ನನ್ನ ಕಾಟಾದ ಮೇಲೆ ಹತ್ತಿ
ಉಸ್ಸೆಂದು ಗಾಳಿ ಬಿಟ್ಟು ನಿಂತಿತು.
ಇಪ್ಪತ್ತೆಂಟು ಟನ್ನು, ಮುನ್ನೂರ ನಲವತ್ತು ಕಿಲೋ.
ಸರಕು ಎಂಬಲ್ಲಿ
ಹದಿನೇಳು ವರ್ಷ 'ಶೇಂಗಾ' ಎಂದೇ ಬರೆದ ಕೈ
ಶೇ ಗೀಚಿತು, ಹೊಡೆದು ಹಾಕಿತು,
ಪಕ್ಕದಲ್ಲಿ ಸೋಯಾ ಎಂದಿತು.

ಚೀಲ ಇರಿದು ಮಾದರಿ ತೆಗೆದೆ.
ಹಳದಿ ಕಾಳು, ಗುಂಡಗೆ, ನುಣ್ಣಗೆ,
ಹೊಕ್ಕುಳಲ್ಲಿ ಒಂದು ಕಪ್ಪು ಗೀಟು.
ಶೇಂಗಾ ಅಂಗೈಯಲ್ಲಿ ಕೂರುತ್ತದೆ.
ಇದು ಉರುಳುತ್ತದೆ.

ಫಿಟ್ಟರ್ ಗಾದ್ರಪ್ಪನಿಗೆ ಕಿವಿ ಮಂದ,
ಆದರೆ ಯಂತ್ರದ ಬೆನ್ನಿಗೆ ಕಿವಿ ಹಚ್ಚಿದರೆ
ಕಾಳು ಹಸಿಯೋ ಒಣವೋ, ಮಣ್ಣೆಷ್ಟು ಕಲ್ಲೆಷ್ಟು, ಎಲ್ಲ ಹೇಳುತ್ತಾನೆ.
ಶೇಂಗಾ ಹಿಂಡುವಾಗ ಅದು ಗುನುಗುತ್ತಿತ್ತಂತೆ,
ತೊಟ್ಟಿಲು ತೂಗುವವಳ ಹಾಗೆ.
ಇದು?
"ಇದು ಹಲ್ಲು ಕಡೀತೈತೆ ಕಣಪ್ಪಾ.
ನೂರು ಕಿಲೋ ಹಾಕು, ಎಣ್ಣೆ ಹದಿನೆಂಟೂ ಬರಲ್ಲ,
ಅದೂ ಕಾಲು ಹಿಡಿದರೆ. ಮಿಕ್ಕಿದ್ದೆಲ್ಲ ಹಿಂಡಿ."

ಮಾಲೀಕರ ಮಗಳು ವೀಣಾಕ್ಷಿ
ಆಫೀಸಿನ ಗೋಡೆಗೆ ಭೂಪಟ ಹಚ್ಚಿದ್ದಾಳೆ.
ಹರಿಹರ, ಹೊಸಪೇಟೆ ದಾಟದ ನನಗೆ
ಒಂದೊಂದೇ ಬೆರಳಿಟ್ಟು ತೋರಿಸುತ್ತಾಳೆ:
ಇಲ್ಲಿ ಜನ ಹೆಚ್ಚುತ್ತಾರೆ, ಇಲ್ಲಿ ಕೋಳಿ, ಇಲ್ಲಿ ಸಾಕಿದ ಮೀನು.
"ಎಣ್ಣೆ ಬರೀ ನೆಪ ಅಣ್ಣಾ. ಹಿಂಡಿಯೇ ಮುಂದಿನ ಕಾಲ.
ಹಿಂಡಿ ಕೋಳಿಗೆ, ಕೋಳಿ ಮನುಷ್ಯನಿಗೆ."
ನನಗೆ ಕೂಡುವುದಕ್ಕಿಂತ ಕಳೆಯುವುದೇ ರೂಢಿ:
ತುಂಬಿದ ಲಾರಿಯಲ್ಲಿ ಖಾಲಿ ಲಾರಿ ಕಳೆದರೆ ಸರಕು.
ಕೋಳಿಯಲ್ಲಿ ಗರಿ ಕಳೆ, ಮೂಳೆ ಕಳೆ,
ಅದು ಓಡಾಡಿದ ಕಾವು ಕಳೆ,
ಎಷ್ಟು ಕಾಳು ಎಷ್ಟು ತುತ್ತಾಗಿ ಉಳಿಯಿತು?
ಕೇಳಬೇಕೆಂದಿದ್ದೆ. ಹಿಂದೆ ಇನ್ನೊಂದು ಲಾರಿ ಹಾರನ್ ಹೊಡೆಯಿತು.

ಕಾಳು ಆರಿಸುವ ತಿಪ್ಪಕ್ಕ ಅದನ್ನೆಲ್ಲ ಕೇಳಿಸಿಕೊಂಡಳು,
ಮೊರದ ಹಿಂದೆ ತಲೆ ಬಗ್ಗಿಸಿ.
ಸಂಜೆ ಸೆರಗಿನ ಗಂಟಿನಲ್ಲಿ ಎರಡು ಹಿಡಿ.
ನೋಡಿದೆ. ಎರಡು ಹಿಡಿಗೆ ನನ್ನ ಕಾಟಾ ಅಲುಗುವುದಿಲ್ಲ.

ಮೊದಲ ದಿನ ಉಸಲಿ ಮಾಡಿದಳಂತೆ:
ಕುಕ್ಕರ್ ನಾಲ್ಕು ಸಲ ಕೂಗಿದರೂ ಬಗ್ಗಲಿಲ್ಲ,
ಮನೆ ತುಂಬ ಹಸಿ ವಾಸನೆ, ಮೊಮ್ಮಗ ತಟ್ಟೆ ನೂಕಿದ.
ಮಾರನೆಯ ದಿನ ಹುರುಳಿಯ ಹಾಗೆ ಬಸಿದು ಸಾರು:
"ಹಸಾನೂ ಮೂಸಲಿಲ್ಲ ಸಾಮಿ."
ಮೂರನೆಯ ದಿನ ಏನೂ ಹೇಳಲಿಲ್ಲ.
ಆಮೇಲೆ ಒಂದು ವಾರ ಏನೂ ಹೇಳಲಿಲ್ಲ.

ನಿನ್ನೆ ಊಟದ ಹೊತ್ತಿಗೆ ಡಬ್ಬಿ ತೆರೆದಳು.
ಕಾಳನ್ನು ಮರಳಲ್ಲಿ ಹುರಿದು, ಸಿಪ್ಪೆ ಕೇರಿ,
ಎಂಟು ಪಾಲು ರಾಗಿಗೆ ಒಂದು ಪಾಲು ಸೇರಿಸಿ ಬೀಸಿದ ಹಿಟ್ಟು.
ಮುದ್ದೆಯ ಬಣ್ಣ ಒಂದಿಷ್ಟು ತಿಳಿ.
ಗಾದ್ರಪ್ಪ ಮುರಿದ, ಅದ್ದಿದ, ನುಂಗಿದ
(ಅಗಿಯುವವನು ನಮ್ಮ ಸೀಮೆಯವನೇ ಅಲ್ಲ),
ಗಂಟಲು ಇಳಿಯುವ ತನಕ ಕಣ್ಣು ಮುಚ್ಚಿದ್ದ,
ಯಂತ್ರಕ್ಕೆ ಕಿವಿ ಕೊಡುವಾಗಿನ ಮುಖ.
"ಸದ್ದಿಲ್ಲ," ಅಂದ. "ತಿರುಗ್ತೈತೆ."

ವೀಣಾಕ್ಷಿಯೂ ಒಂದು ತುತ್ತು ಕೇಳಿ ಪಡೆದಳು.
ಎಡಗೈಯಲ್ಲಿ ಫೋನು ತೆಗೆದು
ಎಂಟಕ್ಕೆ ಒಂದು, ಕಿಲೋಗೆ ಇಷ್ಟು,
ತಿಂಗಳಿಗೆ ಎಷ್ಟು ಟನ್ನು ಎಂದು ಒತ್ತುತ್ತಿದ್ದಳು.
ತಿಪ್ಪಕ್ಕ ಅಂದಳು: "ಮರಳು ವೇದಾವತೀದೇ ಆಗಬೇಕು ತಾಯಿ,
ಸಣ್ಣಂದು. ಇಲ್ಲಾಂದ್ರೆ ಸೀದು ಹೋಗ್ತೈತೆ."
ಅದನ್ನು ಎಲ್ಲಿ ಒತ್ತಬೇಕೋ ತಿಳಿಯದೆ
ಆ ಹುಡುಗಿ ಫೋನು ಕೆಳಗಿಟ್ಟು ಇನ್ನೊಂದು ತುತ್ತು ಮುರಿದಳು.

ರಾತ್ರಿ ಹಿಂಡಿಯ ಲಾರಿ ಹೊರಟಿತು, ಮಂಗಳೂರು ಬಂದರಿಗೆ.
ಇಪ್ಪತ್ತೊಂದು ಟನ್ನು. ಚೀಟಿ ಹರಿದು ಕೊಟ್ಟೆ.
ದಿನದ ಕೊನೆಗೆ ಪುಸ್ತಕದಲ್ಲಿ ಒಂದು ಕಾಲಮ್ಮು ಉಳಿಯುತ್ತದೆ: ಕೊರತೆ.
ಹತ್ತು ಕಿಲೋದೊಳಗಿದ್ದರೆ ಬರೆಯಬೇಕಿಲ್ಲ.
ಬರೆಯಲಿಲ್ಲ.
ನನಗೂ ಒಂದು ತುಂಡು ಸಿಕ್ಕಿತ್ತು.
ಹಲ್ಲಿನ ಸಂದಿಯಲ್ಲಿ ಇನ್ನೂ ಹುರಿದ ಕಾಳಿನ ರುಚಿ,
ಸ್ವಲ್ಪ ಕಹಿ.