ನಡಾವಳಿ ಪುಸ್ತಕದ ಅಂಚಿನಲ್ಲಿ

ಹತ್ತೂವರೆಯ ಸಭೆ ಹನ್ನೆರಡಕ್ಕೆ ಶುರುವಾಯಿತು.
ರನ್‌ವೇ ಮೇಲೆಯೇ ಶಾಮಿಯಾನ.
ಡಾಂಬರು ಗೂಟಕ್ಕೆ ಬಗ್ಗಲಿಲ್ಲ,
ಎಣ್ಣೆ ಡಬ್ಬಕ್ಕೆ ಮರಳು ತುಂಬಿ ಕಂಬ ನಿಲ್ಲಿಸಿದ್ದರು.
ನಾನು ವಾರ್ಡ್ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ.
ಯಾರು ಏನಂದರು, ಎಷ್ಟು ಕೈ ಎದ್ದವು,
ಬರೆಯುವುದಷ್ಟೇ ಕೆಲಸ.

ಹುಲ್ಲುಕಾವಲ್ ಕ್ಯಾಂಪು ಖಾಲಿಯಾಗಿ ಹನ್ನೊಂದು ವರ್ಷ.
ಹೋಗುವಾಗ ಮಿಲಿಟರಿಯವರು ಕಿಟಕಿ ಚೌಕಟ್ಟನ್ನೂ ಎಣಿಸಿ ಒಯ್ದರು.
ಗೇಟಿನ ಬೋರ್ಡು ಮಾತ್ರ ಬಿಟ್ಟರು:
ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ.
ಮದುವೆಗೆ ಮುಂಚಿನ ಫೋಟೋಗಳಿಗೆ
ಈಗ ಎಲ್ಲರೂ ನಿಲ್ಲುವುದು ಅದರ ಮುಂದೆಯೇ.

ಮೊದಲು ಶಾಸಕರು. ನಕ್ಷೆ ಬಿಡಿಸಿದರು, ಗಾಳಿ ಮಡಚಿತು.
ಮತ್ತೆ ಬಿಡಿಸಿದರು, ನಾಲ್ವರು ನಾಲ್ಕು ಮೂಲೆ ಹಿಡಿದರು.
"ನೀವು ದೇವನಹಳ್ಳಿ ಮುಟ್ಟೋದ್ರೊಳಗೆ
ಇಲ್ಲಿಂದ ಎದ್ದ ವಿಮಾನ ಹುಬ್ಬಳ್ಳೀಲಿ ಇಳಿದಿರುತ್ತೆ!"
ಚಪ್ಪಾಳೆ, ಎಂದು ಬರೆದೆ.
ಎದುರು ಪಕ್ಷದ ಕೆಂಪರಾಜು ಎದ್ದರು:
ಉದ್ಯಾನ ಬೇಕು ಸ್ವಾಮಿ, ಊರಿಗೆ ಉಸಿರು ಬೇಕು.
ಹಿಂದಿನ ಸರ್ಕಾರದಲ್ಲಿ ವಿಮಾನ ಕೇಳಿದ್ದು ಅವರು,
ಉಸಿರು ಕೇಳಿದ್ದು ಇವರು.
ಆ ಪುಸ್ತಕವೂ ನನ್ನ ಚೀಲದಲ್ಲಿದೆ, ನನ್ನದೇ ಅಕ್ಷರ.
ಯಾರೂ ಕೇಳಲಿಲ್ಲ.

ನಾಲ್ಕನೇ ಮಹಡಿಗೆ ಕಂಬಿ ಬಿಟ್ಟುಕೊಂಡಿರುವ ದಸ್ತಗೀರ್:
"ವಿಮಾನ ಇಳಿಯೋ ದಾರೀಲಿ ಮನೆ ಎಷ್ಟೆತ್ತರಕ್ಕೆ ನಿಲ್ಲಿಸ್ಬೇಕು?
ಮೇಲಿಂದು ನನ್ನ ಮಗಳದು. ಇನ್ನೂ ಆಕಾಶದಲ್ಲೇ ಇದೆ."
ಪರಿಶೀಲಿಸಲಾಗುವುದು.

ಆಫೀಸರುಗಳ ಬಟ್ಟೆ ಒಗೆದ ಆರೋಗ್ಯಸ್ವಾಮಿ
ಮೈಕಿಗೆ ತುಂಬ ಹತ್ತಿರ ನಿಂತ.
"ತಿಂಗಳಿಗೆ ಮುನ್ನೂರು ಅಂಗಿ, ಒಂದೊಂದ್ರ ಕಾಲರಿಗೂ ಒಂದು ಹೆಸರು.
ಗಡಿ ಕಡೆ ಹೋದೋರಲ್ಲಿ ಯಾರ ಅಂಗಿ ವಾಪಸ್ ಬರ್ಲಿಲ್ಲ,
ಅದು ಮೊದ್ಲು ನಂಗೆ ಗೊತ್ತಾಗ್ತಿತ್ತು."
ವಿಷಯಕ್ಕೆ ಬನ್ನಿ, ಅಂದರು ಅಧ್ಯಕ್ಷರು.
ಇದೇ ವಿಷಯ, ಅಂದ.
ಕೂತ.

ಪಿಳ್ಳಮುನಿಯಮ್ಮ, ತೊಂಬತ್ತರ ಆಸುಪಾಸು,
ಸೆರಗಿನ ಗಂಟು ಬಿಚ್ಚಿ
ಹಾಲಿನ ಕವರಿನೊಳಗಿಂದ ಚೀಟಿ ತೆಗೆದಳು.
ಮಾವನ ಹೊಲ. ಯುದ್ಧಕ್ಕೆಂದು ತಗೊಂಡರಂತೆ,
ಮುಗಿದ ಮೇಲೆ ಕೊಡ್ತೀವಿ ಅಂದಿದ್ದರಂತೆ.
"ಮುಗೀತಾ?"
ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು.
ಅವಳು ನಗಲಿಲ್ಲ, ಕೇಳಿದ್ದಳು ಅಷ್ಟೆ.
ಪ್ರಶ್ನೆ ಏಳು, ಎಂದು ಬರೆದು
ಉತ್ತರಕ್ಕೆ ಎರಡು ಗೆರೆ ಜಾಗ ಬಿಟ್ಟೆ.

ಊಟದ ಬಿಡುವಿನಲ್ಲಿ ರನ್‌ವೇ ತುದಿಯವರೆಗೆ ನಡೆದೆ.
ಅಲ್ಲಿ ಬಿಳಿ ಬಣ್ಣದ ಆಳೆತ್ತರದ ಸೊನ್ನೆ ಒಂಬತ್ತು.
ಸೊನ್ನೆಯೊಳಗೆ ಯಾರದೋ ರಾಗಿ ಒಣಗುತ್ತಿತ್ತು,
ಒಂಬತ್ತರ ಹೊಟ್ಟೆಯಲ್ಲಿ ಹುರುಳಿ.
ಜಲ್ಲಿಯ ನಡುವೆ ಮೊಟ್ಟೆಯಿಟ್ಟ ಟಿಟ್ಟಿಭವೊಂದು
ನನ್ನ ತಲೆಯ ಸುತ್ತ ಅರಚುತ್ತ ಹಾರಿತು,
ನನ್ನನ್ನೂ ಸಭೆಯವಳೆಂದುಕೊಂಡು.

ಇಲ್ಲೇ ನಾನು ಸ್ಕೂಟರ್ ಕಲಿತದ್ದು,
ನಲವತ್ತೊಂದನೇ ವಯಸ್ಸಿಗೆ,
ಕೋರ್ಟಿನ ಕಾಗದ ಕೈಗೆ ಬಂದ ಮೊದಲ ಭಾನುವಾರ.
ಹಿಂದೆ ಸೊಪ್ಪು ಮಾರುವ ಶಕೀಲಾ, ಸೊಂಟ ಬಿಗಿಹಿಡಿದು.
ಸಿಗ್ನಲ್ಲಿಲ್ಲ, ಹಂಪಿಲ್ಲ, ಬಯ್ಯುವವರಿಲ್ಲ,
ಇಷ್ಟುದ್ದ ನೇರ ದಾರಿ
ಈ ಊರು ನನಗೆ ಇನ್ನೆಲ್ಲೂ ಕೊಟ್ಟಿಲ್ಲ.
ಮುಳ್ಳು ಅರವತ್ತು ಮುಟ್ಟಿದಾಗ ಕಿವಿಯಲ್ಲಿ ಕಿರುಚಿದಳು:
"ಇನ್ನೊಂಚೂರು ಅಕ್ಕಾ, ಎದ್ದೇಬಿಡ್ತೀವಿ!"

ಇದು ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಮೂರೂವರೆಗೆ ಕೈ ಎತ್ತಿಸಿದರು.
ವಿಮಾನಕ್ಕೆ ನೂರಾ ಹನ್ನೆರಡು, ಉದ್ಯಾನಕ್ಕೆ ನೂರಾ ಒಂಬತ್ತು.
ಕೆಲವರು ಎರಡಕ್ಕೂ ಎತ್ತಿದರು,
ಒಬ್ಬ ಬಿಸಿಲಿಗೆ ಅಡ್ಡ ಹಿಡಿದಿದ್ದ, ಅವನೂ ಲೆಕ್ಕಕ್ಕೆ ಬಂದ.
ಅಷ್ಟರಲ್ಲಿ ಮೇಲೆ ನಿಜವಾದ ವಿಮಾನ, ಉತ್ತರಕ್ಕೆ.
ಎಲ್ಲ ಕತ್ತುಗಳೂ ಎದ್ದವು.
ದಸ್ತಗೀರ್ ಒಂದು ಕಣ್ಣು ಮುಚ್ಚಿ
ಹೆಬ್ಬೆರಳಲ್ಲಿ ಎತ್ತರ ಅಳೆದ.
ಮಾತು ಕೇಳಿಸದ ಕಾರಣ ಸಭೆ ಅರ್ಧ ನಿಮಿಷ ನಿಂತಿತು,
ಎಂದು ಬರೆದೆ.

ಕೊನೆಯ ಸಾಲು ಯಾವಾಗಲೂ ಒಂದೇ:
ಓದಿ ಹೇಳಲಾಯಿತು, ಸರಿಯಿದೆಯೆಂದು ಒಪ್ಪಿದರು.
ಓದಿಸಿದವರು ಯಾರೂ ಇಲ್ಲ. ರುಜು ಮಾತ್ರ ಎಲ್ಲರದೂ.
ಪಿಳ್ಳಮುನಿಯಮ್ಮನದು ಹೆಬ್ಬೆಟ್ಟು,
ಪ್ರಶ್ನೆ ಏಳರ ಖಾಲಿ ಗೆರೆಗಳ ಮೇಲೆಯೇ ಒತ್ತಿಬಿಟ್ಟಳು.

ಹೆಲ್ಮೆಟ್ ಹಾಕಿ ಗಾಡಿ ಶುರು ಮಾಡಿದೆ.
ಗೇಟು ಎಡಕ್ಕೆ, ಹತ್ತಿರದಲ್ಲೇ.
ಬಲಕ್ಕೆ ತಿರುಗಿಸಿದೆ,
ಮೋಡ ಕಟ್ಟುತ್ತಿತ್ತು,
ರಾಗಿ ಎತ್ತಿದ್ದಾರೋ ಇಲ್ಲವೋ ನೋಡಿಬರಲು.