ಒಲೆ ಲೆಕ್ಕ

ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಬವರು ಒಂದು ಕುಟುಂಬ.
ಗೋಡೆ ಎಷ್ಟಾದರೂ ಇರಲಿ, ಒಲೆ ಎಣಿಸು.
ಕೈಪಿಡಿಯ ಹನ್ನೊಂದನೇ ಪುಟ.
ಹದಿನೇಳನೆಯದರ ಅಡಿಟಿಪ್ಪಣಿ, ಇರುವೆ ಅಕ್ಷರದಲ್ಲಿ:
ಮೂರು ಕುಟುಂಬಕ್ಕಿಂತ ಕಡಿಮೆಯಿದ್ದ ಊರಿನ ಜನಸಂಖ್ಯೆ
ಅಚ್ಚಾಗುವುದಿಲ್ಲ. ಅಲ್ಲೊಂದು ನಕ್ಷತ್ರ ಹಾಕತಕ್ಕದ್ದು.

ನಮ್ಮ ದೆಹೆಸ್ತಾನಿನಲ್ಲಿ ಎಪ್ಪತ್ತೊಂದು ಊರು.
ಹೋದ ಸಲದ ಪಟ್ಟಿಯಲ್ಲಿ ಇಪ್ಪತ್ತಾರು ನಕ್ಷತ್ರ.
ಖೊರಾಸಾನಿನ ಈ ಮೂಲೆಯಲ್ಲಿ ನಕ್ಷತ್ರಕ್ಕೇನು ಬರವೇ,
ಎಂದು ಬಖ್ಶ್‌ದಾರ ಸಾಹೇಬರು ನಗೆಯಾಡಿದರು.
ಚಹಾ ಕುಡಿಯುತ್ತಿದ್ದ ಯಾರೂ ನಗಲಿಲ್ಲ;
ಅಲ್ಲಿದ್ದ ಒಬ್ಬೊಬ್ಬರಿಗೂ
ಒಂದೊಂದು ನಕ್ಷತ್ರದಲ್ಲಿ ಅಜ್ಜಿಮನೆ.

ಕಲಾತೆ ಮೀರಾಬಿಗೆ ಮೋಟಾರು ಸೈಕಲ್ಲಿನಲ್ಲಿ ಎರಡು ತಾಸು.
ಉಪ್ಪುಬಯಲು, ಆಮೇಲೆ ಒಣಹಳ್ಳ,
ಆಮೇಲೆ ಸಾಲಾಗಿ ಮಣ್ಣಿನ ಗುಪ್ಪೆ, ಹೆಗ್ಗಣ ತೋಡಿದ ಹಾಗೆ:
ನೆಲದಡಿ ಹರಿವ ಕಾಲುವೆಯ ಬಾವಿಬಾಯಿಗಳು.
ತೋಡಿದವರು ಸತ್ತು ಎಷ್ಟು ಶತಮಾನವೋ,
ನೀರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಖೈರುಲ್ಲಾ ಇಲ್ಲಿನ ದೆಹ್ಯಾರ.
ದೆಹ್ಯಾರ ಎಂದರೆ ಊರಿನ ಆಡಳಿತವೆಲ್ಲ:
ಒಂದು ರಬ್ಬರು ಮೊಹರು, ಒಂದು ಸಲಿಕೆ,
ಕೆಟ್ಟ ಬೀದಿದೀಪದ ಬಗ್ಗೆ ಬರೆದ ಒಂಬತ್ತು ಅರ್ಜಿಯ ನಕಲು.
ಮೊದಲ ಒಲೆ ಅವನದೇ. ಅವನು, ಹೆಂಡತಿ ಗುಲಂದಾಮ್,
ಮಾತು ಬಾರದ ಮಗ. ಬರೆದುಕೊಂಡೆ.

ಉಳಿದದ್ದು ತೂಬಾ ಮತ್ತು ನೊಸ್ರತ್, ಓರಗಿತ್ತಿಯರು,
ಅಣ್ಣನ ವಿಧವೆ ಒಬ್ಬಳು, ತಮ್ಮನ ವಿಧವೆ ಒಬ್ಬಳು.
ಹತ್ತು ವರ್ಷದ ಹಿಂದೆ ತಾಮ್ರದ ಹಂಡೆಯೊಂದರ ಸಲುವಾಗಿ ಜಗಳವಾಡಿ
ಹಿಪ್ಪುನೇರಳೆ ಮರದ ಆಚೆಗೊಂದು ಈಚೆಗೊಂದು
ಒಲೆ ಬೇರೆ ಹೂಡಿದ್ದರು.
ಆ ಜಗಳದ ಪುಣ್ಯ, ಊರು ಪುಸ್ತಕದಲ್ಲಿ ಉಳಿದಿತ್ತು:
ಕುಟುಂಬ ಮೂರು, ಜನ ಒಂಬತ್ತು.

ಈಗ ಆಚೆಯ ತಂದೂರಿನಲ್ಲಿ ಕೋಳಿ ಕಾವು ಕೂತಿದೆ.

"ಹೋದ ಚಳಿಗಾಲ ಇವಳ ಸೊಂಟ ಮುರೀತು," ಎಂದಳು ನೊಸ್ರತ್,
"ರೊಟ್ಟಿ ಯಾರು ತಟ್ಟಬೇಕು? ನಾನೇ ತಟ್ಟಿದೆ.
ಹಿಟ್ಟು ಕಲಸೋವಾಗ ಜಗಳ ಎಲ್ಲಿ ಬಿತ್ತೋ, ಹುಡುಕಲಿಲ್ಲ."
ತೂಬಾ, ಹಲ್ಲಿಲ್ಲದ ಬಾಯಲ್ಲಿ: "ಹಂಡೆ ಮಾತ್ರ ನನ್ನದೇ."

ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.
ಬಾಗಿಲಲ್ಲಿ ಖೈರುಲ್ಲಾ ಮೊಹರನ್ನು
ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ.
ಹತ್ತನೆಯ ಅರ್ಜಿಗೆ ಇನ್ನು ವಿಳಾಸ ಯಾವುದು?
ನಕ್ಷತ್ರಕ್ಕೆ ಯಾರು ಬೀದಿದೀಪ ಹಾಕಿಸುತ್ತಾರೆ?

ವಿಷಯ ಬಿಡಿಸಿ ಹೇಳಿದೆ. ಇಬ್ಬರೂ ತಲೆ ಬಾಗಿಸಿ ಕೇಳಿದರು,
ನೀರಿನ ಸರದಿ ಕೇಳುವವರ ಹಾಗೆ.
ಈ ಊರು ಇಂದಿಗೂ ನೀರು ಅಳೆಯುವುದು ತಳ ತೂತಿನ ಬಟ್ಟಲಿನಲ್ಲಿ:
ತೇಲಿಬಿಟ್ಟ ಬಟ್ಟಲು ಮುಳುಗಿದರೆ ಒಂದು ಪಾಲು.
ನಲವತ್ತು ಪಾಲಿನಲ್ಲಿ ಮೂವತ್ತಮೂರು ಸತ್ತವರ ಹೆಸರಲ್ಲಿವೆ.
ಅವರ ಹೊತ್ತು ಬಂದಾಗ ಖೈರುಲ್ಲಾ ಹೆಸರು ಕೂಗಿ,
ಒಂದು ಉಸಿರಿನಷ್ಟು ಕಾದು,
ನೀರನ್ನು ಅವರವರ ಬೀಳು ಹೊಲಕ್ಕೆ ತಿರುಗಿಸುತ್ತಾನೆ.
ಅದಕ್ಕೆ ಯಾವ ಕೈಪಿಡಿಯೂ ಇಲ್ಲ.

ಕಡೆಗೆ ತೂಬಾ ಊರುಗೋಲು ಎತ್ತಿದಳು:
"ಕಳ್ಳಿ! ಕೊಡೇ ನನ್ನ ಹಂಡೆ!
ಬರಕೋ ಮಗು, ಇವಳ ಕೈಯದು ಒಂದು ತುತ್ತೂ ಮುಟ್ಟೋದಿಲ್ಲ."
ನೊಸ್ರತ್ ಕೋಳಿಯನ್ನು ಎಬ್ಬಿಸಿದಳು,
ಐದು ಮೊಟ್ಟೆ ಚಾದರದ ಸೆರಗಿಗೆ ಹಾಕಿಕೊಂಡಳು,
ನಾಲ್ಕು ಕಡ್ಡಿ ಮುರಿದು ಬೆಂಕಿ ಮಾಡಿದಳು.
ಕಣ್ಣಿಗೆ ಕಂಡ ಒಲೆ ಒಲೆಯೇ.
ಬರೆದೆ: ಕುಟುಂಬ ಮೂರು, ಜನ ಐದು.
ಖೈರುಲ್ಲಾ ಮೊಹರು ಒತ್ತಿದ,
ಮೈಭಾರವೆಲ್ಲ ಬಿಟ್ಟು.

ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ತಿರುಗಿ ನೋಡಿದೆ.
ಮರದಾಚೆಯ ಹೊಗೆ ಆಗಲೇ ತೆಳುವಾಗಿತ್ತು,
ಕೋಳಿ ಸುತ್ತ ತಿರುಗುತ್ತ, ಬಿಸಿ ಆರುವುದನ್ನೇ ಕಾಯುತ್ತಿತ್ತು.

ಹೊರಡುವಾಗ ಬುತ್ತಿಗೆಂದು ಎರಡು ರೊಟ್ಟಿ ಕೊಟ್ಟಿದ್ದರು.
"ಒಂದು ಅವಳ ಒಲೆಯದು, ಒಂದು ನನ್ನದು,"
ಇಡೀ ಊರಿಗೆ ಕೇಳುವಂತೆ ಹೇಳಿ ಕೊಟ್ಟದ್ದು.
ಬಿಚ್ಚಿ ನೋಡಿದೆ. ಎರಡರ ಮೇಲೂ
ಅವೇ ಐದು ಬೆರಳು.