ಬೆನ್ನ ಹಿಂದ

ಮಿರಜಿ ದವಾಖಾನ್ಯಾಗ ಅವ್ವ,
ಮುಂಗೈಗೆ ಪ್ಲಾಸ್ಟರು.
ಉಮದಿಯ ಮರಾಠಿ ಸಾಲಿಗೆ
ಎರಡು ಹೆರಳು, ಕೆಂಪು ರಿಬ್ಬನ್ನು,
ಇಲ್ಲಾಂದ್ರ ಹೊರಗ ನಿಂದ್ರು.

ಕನ್ನಡಿ ಸುಳ್ಳುಬುರುಕಿ,
ಎಡಕ್ಕಂದ್ರ ಬಲಕ್ಕ ಎಳೀತದ.
ಬಾರುಕೋಲಿಗೆ ತೊಗಲು ಹೆಣೀತಿದ್ದ ಅಪ್ಪ
ತಲಿ ಎತ್ತಲಿಲ್ಲ:
‘ಕಣ್ಣು ಮುಚ್ಚವಾ.
ಅಂಚಿಂದು ನಡಕ ಬರಬೇಕು, ಅಷ್ಟ.’

ತೋಳು ಸೋತು ಜೋತುಬಿದ್ದುವು.
ಒಂದು ಹೆರಳು ಹಾವು,
ಇನ್ನೊಂದು ಹಲ್ಲಿಬಾಲ.
ಜಾಧವ ಬಾಯಾರು ನಕ್ಕು ಒಳಗ ಬಿಟ್ಟರು.

ಅವ್ವ ಬಂದಳು,
ತಲಿತುಂಬ ಹದಿನೆಂಟು ದಿನದ ಸಿಕ್ಕು.
ಮುಂದ ಕುಂದ್ರಿಸಿಕೊಂಡೆ. ಕಣ್ಣಿಗೆ ಕಂಡದ್ದ ತಡ
ಕೈ ಮರೆತು ನಿಂತವು.

ಕಣ್ಣು ಮುಚ್ಚಿದೆ.
ಮೂರೂ ಎಳೆ ಬೆರಳಿಗೆ ಬಂದುವು.
ಇಷ್ಟ ಸಣ್ಣವೇನು ಇವು,
ದಿನಾ ನನ್ನ ಬೆನ್ನ ಹಿಂದ ಕುಂದರತಿದ್ದಾಕಿಯ ಕೂದಲು?

‘ಬಿಗಿ ಹಿಡಿ’ ಅಂದಳು.
ಹಿಡೀಲಿಲ್ಲ.